ಅಂಜಿನಪ್ಪನ ಹೆಬ್ಬೆಟ್ಟು

ಕೆರೆಬಿಳಚಿಯ ಹೊನ್ನೂರಮ್ಮನಿಗೆ ಹೆಬ್ಬೆಟ್ಟು ಇತ್ತು. ರೇಷನ್ ಅಂಗಡಿಯ ಮಷಿನ್ನಿಗೆ ಮಾತ್ರ ಅದು ಕಾಣುತ್ತಿರಲಿಲ್ಲ. ಹದಿನೆಂಟು ವರ್ಷ ಅಡಿಕೆ ಸುಲಿದು ಸುಲಿದು, ಚೊಗರು ಹಿಡಿದ ಬೆರಳಿನ ಗೆರೆಗಳೆಲ್ಲ ಸವೆದು ಹೋಗಿದ್ದವು. ಎರಡು ತಿಂಗಳು ಖಾಲಿ ಚೀಲ ಹಿಡಿದು ವಾಪಸಾದಳು. ಅಂಗಡಿಯವನು ಒಳ್ಳೆಯ ಮನುಷ್ಯ, ಪುಕ್ಕಟೆ ಸಲಹೆ ಕೊಟ್ಟ: "ಕೊಬ್ಬರಿ ಎಣ್ಣೆ ಹಚ್ಕಂಡು ಕೈಗೆ ರೆಸ್ಟ್ ಕೊಡವ್ವ." ದುಡಿಯುವ ಕೈಗೆ ರೆಸ್ಟ್ ಕೊಟ್ಟರೆ ಬಾಯಿಗೂ ರೆಸ್ಟ್ ಕೊಡಬೇಕಾಗುತ್ತದೆ ಎಂಬುದು ಆ ಸಲಹೆಯಲ್ಲಿ ಸೇರಿರಲಿಲ್ಲ.

ಕಾರ್ಡಿನಲ್ಲಿದ್ದ ಇನ್ನೊಂದೇ ಹೆಸರು ಗಂಡ ಅಂಜಿನಪ್ಪನದು. ಅಕ್ಕಿಗೆ ಸಾಲು ನಿಲ್ಲುವುದು ಗಂಡಸಿನ ಮರ್ಯಾದೆಗೆ ಕಡಿಮೆ ಎಂದು ಎರಡು ತಿಂಗಳೂ ಅರಳಿಕಟ್ಟೆ ಬಿಟ್ಟು ಕದಲದ ಆಸಾಮಿ. ಮೂರನೇ ತಿಂಗಳು ತಟ್ಟೆಯಲ್ಲಿ ಅನ್ನ ಕಾಣದಾದಾಗ ಹೋಗಿ ಬೆರಳಿಟ್ಟ. ಮಷಿನ್ ತಕ್ಷಣ ಒಪ್ಪಿಕೊಂಡಿತು. ಒಪ್ಪದೆ ಏನು? ಇಲ್ಲಿನ ಕಡ್ಡಿ ಅಲ್ಲಿ ಎತ್ತಿಡದ ಬೆರಳು, ಹುಟ್ಟಿದಾಗ ಹೇಗಿತ್ತೋ ಹಾಗೇ ಇತ್ತು.

ಅವತ್ತಿನಿಂದ ಅಂಜಿನಪ್ಪನನ್ನು ಹಿಡಿಯುವವರೇ ಇಲ್ಲ. "ಸರ್ಕಾರನೇ ನನ್ನ ಗುರುತು ಹಿಡಿದೈತೆ. ಇನ್ಮ್ಯಾಲೆ ಅಕ್ಕಿ ಬೇಕಂದ್ರೆ ತಿಂಗಳಾ ತಿಂಗಳಾ ನನ್ನ ಕೇಳ್ಬೇಕು ನೀನು" ಎಂದ. ಬೆರಳಿಗೆ ಗಾಯವಾದೀತೆಂದು ಸ್ನಾನದ ನೀರನ್ನೂ ತಾನೇ ತೋಡಿಕೊಳ್ಳುವುದು ಬಿಟ್ಟ. ತನ್ನ ಪಾಲಿನ ಅಕ್ಕಿಗೆ ಈ ಮನುಷ್ಯನ ಮುಂದೆ ಕೈಯೊಡ್ಡಬೇಕಲ್ಲ ಎಂದು ಹೊನ್ನೂರಮ್ಮನಿಗೆ ಮೈಯೆಲ್ಲ ಉರಿಯಿತು.

ಅವಳ ಅಕ್ಕನ ಮಗಳು ಅಕ್ಷಿತಾ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ಒಂದು ಶನಿವಾರ ಹೊನ್ನೂರಮ್ಮ ಸವೆದ ಬೆರಳು ತೋರಿಸಲು ಅವಳ ಶಾಲೆಗೇ ಹೋದಳು. ತನ್ನ ಬೆರಳಿನ ರಾಜಯೋಗ ನೋಡಿಸಲು ಅಂಜಿನಪ್ಪನೂ ಹಿಂದೆಯೇ ಬಂದ. ಅಕ್ಷಿತಾ ಚರ್ಮದ ಸ್ಲೈಡೊಂದನ್ನು ಮೈಕ್ರೋಸ್ಕೋಪಿಗಿಟ್ಟಳು.

"ಬಗ್ಗಿ ನೋಡ್ರಿ ಚಿಕ್ಕಮ್ಮ. ಮ್ಯಾಲಿನ ಪದರ ಪೂರಾ ಸತ್ತ ಜೀವಕೋಶ. ಮಷಿನ್ ಓದೋದು ಇದನ್ನೇ. ಕೆಳಗಿಂದಕ್ಕೆ ಜೀವ ಐತೆ, ದಿನಾ ಹೊಸದು ಹುಟ್ಟಿಸಿ ಮ್ಯಾಲೆ ತಳ್ತೈತೆ. ಗೆರೆಯ ಅಚ್ಚು ಒಳಗೇ ಐತೆ. ಒಂದು ತಿಂಗಳು ಸುಲಿಯಾಕೆ ಹೋಗ್ಬ್ಯಾಡ್ರಿ, ನಿಮ್ಮ ಗೆರೆ ವಾಪಸ್ ಬರ್ತಾವೆ."

"ನಂದು ಹೆಂಗೈತಮ್ಮ?" ಎಂದು ಅಂಜಿನಪ್ಪ ಹೆಬ್ಬೆಟ್ಟು ಚಾಚಿದ.

"ನಿಮ್ಮದು ಒಂಚೂರೂ ಸವೆದಿಲ್ಲ ಚಿಕ್ಕಪ್ಪ. ಬಳಸಿದ್ರೆ ತಾನೇ ಸವೆಯೋದು."

ಅದನ್ನು ಹೊಗಳಿಕೆಯೆಂದೇ ತಿಳಿದು ಅವನು ಮೀಸೆ ತಿರುವಿಕೊಂಡ. ಹೊನ್ನೂರಮ್ಮ ಬೆರಳು ಮಡಚಿ ಒಂದು ತಿಂಗಳ ಲೆಕ್ಕ ಹಾಕುತ್ತಿದ್ದಳು.

ಸೋಮವಾರ ಬೆಳಿಗ್ಗೆ ಟೆಂಪೋದವನು ಅಂಗಳದಲ್ಲಿ ಹಸಿ ಅಡಿಕೆ ಸುರಿದು ಹೋದ. ಸುಲಿಯಲು ಓಣಿಯ ಹೆಂಗಸರೂ ಬಂದು ಕುಳಿತರು. ಹೊನ್ನೂರಮ್ಮ ತನ್ನ ಮೆಟ್ಟುಗತ್ತಿಯನ್ನು ತಂದು ಗಂಡನ ಮುಂದಿಟ್ಟಳು.

"ಇವತ್ತಿಂದ ಒಂದು ತಿಂಗಳು ನನ್ನ ಕೈಗೆ ರಜಾ. ನನ್ನ ಪಾಲಿಂದು ನೀವು ಸುಲೀರಿ."

"ನಾನಾ?"

"ಇಲ್ಲಾಂದ್ರೆ ಕೂಲಿ ಇಲ್ಲ, ಬ್ಯಾಳಿ ಇಲ್ಲ, ಉಪ್ಪಿಲ್ಲ. ಅಕ್ಕಿ ನೀವೇ ತಂದೀರಲ್ಲ, ಹಸೀದೇ ತಿನ್ರಿ."

ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕರು. ಅಷ್ಟು ಜನರೆದುರು ಸುಲಿಯಲು ಬರುವುದಿಲ್ಲ ಎನ್ನಲಾಗದೆ ಅಂಜಿನಪ್ಪ ಕುಕ್ಕರುಗಾಲಲ್ಲಿ ಕೂತ. ಮಧ್ಯಾಹ್ನದ ಹೊತ್ತಿಗೆ ಹತ್ತೂ ಬೆರಳು ಕಪ್ಪಾಗಿ, ಎರಡು ಕಡೆ ಕುಯ್ದುಕೊಂಡಿದ್ದ.

"ನನ್ನ ಗೆರೆ ಎಲ್ಲಾ ಹೋಗ್ತಾವಲ್ಲೇ!" ಎಂದು ಗೋಳಾಡಿದ.

"ಹೋಗ್ಲಿ ಬಿಡ್ರಿ, ಮ್ಯಾಲಿಂದು ಹೆಂಗೂ ಸತ್ತ ಚರ್ಮ," ಎಂದಳು ಹೊನ್ನೂರಮ್ಮ, ಜಗಲಿಯ ಮೇಲೆ ಕಾಲು ಚಾಚಿಕೊಂಡು. "ಕೆಳಗೆ ಜೀವ ಅನ್ನೋದು ಇದ್ರೆ ವಾಪಸ್ ಬರ್ತೈತೆ."

ಸಂಜೆಯಾದರೂ ಅಂಜಿನಪ್ಪ ಸುಲಿದ ಅಡಿಕೆಯಿಂದ ಅಳತೆಯ ಒಂದು ಡಬ್ಬವೂ ತುಂಬಲಿಲ್ಲ. ಹೊನ್ನೂರಮ್ಮ ಎದ್ದು ಸಹಾಯಕ್ಕೂ ಬರಲಿಲ್ಲ.