ಗಂಗಾಂಬಿಕಾಳ ವರದಿ ಓದಿದವನು

ಪಿತ್ತಕೋಶದಲ್ಲಿ ಹರಳಾಗಿದೆಯೆಂದು ಬನಹಟ್ಟಿಯ ಗಂಗಾಂಬಿಕಾಳಿಗೆ ಜಮಖಂಡಿಯ ಒಂದು ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು. ತೆಗೆದ ಪಿತ್ತಕೋಶವನ್ನು ಔಷಧಿ ನೀರಿನ ಬಾಟಲಿಗೆ ಹಾಕಿ, ಇವತ್ತೇ ಲ್ಯಾಬಿಗೆ ಮುಟ್ಟಿಸಿ ಎಂದು ಡಾಕ್ಟರು ಅವಳ ಮೈದುನ ಧರ್ಮರಾಜನ ಕೈಗೆ ಕೊಟ್ಟರು. ಅವನಿಗೆ ರಬಕವಿಯಲ್ಲಿ ಸೀರೆ ಅಂಗಡಿ. ಊರಲ್ಲಿ ಯಾರಿಗೆ ಯಾವ ರೋಗ ಬಂದರೂ ಅದರ ಬಗ್ಗೆ ಡಾಕ್ಟರಿಗಿಂತ ಹೆಚ್ಚು ಮಾತಾಡುವವನು. ಹರಳು ಹೋದ ಮೇಲೆ ಖಾಲಿ ಚೀಲದಲ್ಲಿ ನೋಡುವುದೇನಿದೆ ಎಂದುಕೊಂಡು, ಬಾಟಲಿಯನ್ನು ಅಂಗಡಿಯ ಗಾದಿಯ ಹಿಂದೆ ಇಟ್ಟು ಮರೆತ.

ಮೂರು ವಾರದ ಮೇಲೆ ಡಾಕ್ಟರು ವರದಿ ಕೇಳಿದರು. ಕೊಟ್ಟು ಬಂದಿದ್ದೇನೆ ಎಂದ ಧರ್ಮರಾಜ. ಏನೂ ಬಂದಿಲ್ಲ ಎಂದರು ಲ್ಯಾಬಿನವರು. ಗಂಡ ಹೋದಾಗಿನಿಂದ ಆರು ಪವರ್‌ಲೂಮ್ ಒಬ್ಬಳೇ ನಡೆಸಿದ ಹೆಂಗಸು ಗಂಗಾಂಬಿಕಾ. ಮೈದುನನ ಅಂಗಡಿಗೆ ಹೋಗಿ, ಗಿರಾಕಿಗಳ ಎದುರೇ ಮೂಲೆ ಮೂಲೆ ಹುಡುಕಿ, ಗಾದಿ ಸರಿಸಿ ಬಾಟಲಿ ತೆಗೆದಳು. ಉಡಿಯಲ್ಲಿಟ್ಟುಕೊಂಡು ಬಸ್ಸಿನಲ್ಲಿ ಜಮಖಂಡಿಗೆ ಒಯ್ದಳು.

ಕ್ಯಾನ್ಸರ್ ಎಂದು ಬಂತು.

ಬೆಳಗಾವಿಯ ಆಸ್ಪತ್ರೆಯಲ್ಲಿ ಆ ಪಿತ್ತಕೋಶದೊಳಗಿನ ಗಡ್ಡೆಯ ತೆಳುವಾದ ಚೂರುಗಳಿಗೆ ಬಣ್ಣ ಹಾಕಿ, ಅದರೊಳಗಿನ ಎರಡು ಪ್ರೋಟೀನುಗಳನ್ನು ಹುಡುಕಿದರು. ಒಂದು ಹೇರಳವಾಗಿತ್ತು, ಗಡ್ಡೆ ವೇಗವಾಗಿ ಬೆಳೆಯುವ ಗುರುತು ಅದು. ಇನ್ನೊಂದರ ಬಣ್ಣ ಸರಿಯಾಗಿ ಹಿಡಿಯಲೇ ಇಲ್ಲ. ಪಿತ್ತಕೋಶ ಬಹಳ ದಿನ ಬಾಟಲಿಯ ಔಷಧಿ ನೀರಿನಲ್ಲೇ ಉಳಿದದ್ದರಿಂದ ಹೀಗಾಗಿರಬೇಕು ಎಂದರು ಅಲ್ಲಿನ ಡಾಕ್ಟರ್ ಮಧುಮತಿ. ನನಗೆಷ್ಟು ದಿನ ಎಂದು ಗಂಗಾಂಬಿಕಾ ನೇರವಾಗಿ ಕೇಳಿದಳು.

"ನೂರು ಮಂದ್ಯಾಗ ಎಷ್ಟು ಮಂದಿಗೆ ರೋಗ ತಿರುಗಿ ಬರಬಹುದು ಅಂತ ಈ ವರದಿ ಹೇಳತೈತ್ರಿ. ಆ ನೂರರಾಗ ನೀವು ಯಾರು ಅಂತ ಹೇಳಂಗಿಲ್ಲ," ಎಂದರು ಡಾಕ್ಟರು.

ಧರ್ಮರಾಜ ಅಷ್ಟರಲ್ಲಿ ವರದಿಯ ಫೋಟೊ ತೆಗೆದು ಮುಧೋಳದಲ್ಲಿ ಔಷಧಿ ಅಂಗಡಿ ಇಟ್ಟ ಗೆಳೆಯನಿಗೆ ತೋರಿಸಿ ಬಂದಿದ್ದ. ಆ ಭಾನುವಾರ ಬಂಧುಗಳನ್ನೆಲ್ಲ ಅವಳ ಮನೆಯಲ್ಲೇ ಕೂಡಿಸಿ, ಅತ್ತಿಗೆಗೆ ಇನ್ನು ಒಂದೇ ವರ್ಷ, ಮಗ್ಗಗಳನ್ನು ಈಗಲೇ ತನ್ನ ಸುಪರ್ದಿಗೆ ಕೊಡುವುದು ಒಳ್ಳೆಯದು ಎಂದು ಸಾರಿದ. ಗಂಗಾಂಬಿಕಾ ಅಲ್ಲೇ ಗೋಡೆಗೆ ಒರಗಿ ಕೂತಿದ್ದಳು.

"ಎರಡನೇ ಬಣ್ಣ ಯಾಕ ಹಿಡೀಲಿಲ್ಲ ಅಂತ ಇವರಿಗೆ ಹೇಳು, ಧರ್ಮಾ," ಎಂದಳು.

ಅವನು ಹೆಗಲ ಮೇಲಿನ ವಸ್ತ್ರ ಸರಿಪಡಿಸಿಕೊಂಡ. ಬಾಟಲಿಯ ಕಥೆಯನ್ನು ಅವಳೇ ಹೇಳಿದಳು, ಗಾದಿಯ ಸಮೇತ.

"ಒಂದು ಬಾಟ್ಲಿ ಮುಟ್ಟಸಾಕ ಆಗಲಿಲ್ಲ ನಿನಗ. ನನ್ನ ಸಾವು ಓದಾಕ ಬಂತೇನು?"

ಬಂಧುಗಳು ಚಹಾ ಕುಡಿಯದೆ ಎದ್ದರು. ಅದಕ್ಕಿಂತ ಹೆಚ್ಚು ಅವಳು ಅವನನ್ನು ಬೈಯಲಿಲ್ಲ. ಬೈಗುಳಕ್ಕೂ ಒಂದು ಯೋಗ್ಯತೆ ಬೇಕು ಎಂದು ಸೊಸೆ ಉಜ್ವಲಾಳಿಗೆ ಆಮೇಲೆ ಹೇಳಿದಳಂತೆ. ಮರುವಾರವೇ ಮಗ್ಗಗಳನ್ನು ಆ ಸೊಸೆಯ ಹೆಸರಿಗೆ ಮಾಡಿದಳು. ಇನ್ನೊಂದು ಆಪರೇಷನ್ ಆಯಿತು, ಕೀಮೋ ಆಯಿತು, ಕೂದಲು ಉದುರಿ ಮತ್ತೆ ಬಂತು. ಧರ್ಮರಾಜ ಹೇಳಿದ ಒಂದು ವರ್ಷ ಮುಗಿದ ದಿನ ಅವಳು ಚಿಮ್ಮಡದ ಒಂದು ಮದುವೆಯಲ್ಲಿ ಎರಡು ಹೋಳಿಗೆ ಉಂಡಳು. ಅದೇ ಪಂಕ್ತಿಯಲ್ಲಿದ್ದ ಅವನು ಬೇರೆ ಕಡೆ ನೋಡುತ್ತಿದ್ದ.

ಮೂರನೆಯ ವರ್ಷ ರೋಗ ಯಕೃತ್ತಿನಲ್ಲಿ ಕಾಣಿಸಿಕೊಂಡಿತು. ಕೊನೆಯ ವಾರ ಉಜ್ವಲಾಳನ್ನು ಹತ್ತಿರ ಕರೆದು, "ಆ ಮನಶ್ಯಾನ್ನ ನನ್ನ ಮುಂದ ಅಳಾಕ ಬಿಡಬ್ಯಾಡ," ಎಂದಳು.

ಅವಳು ತೀರಿಕೊಂಡ ದಿನ ಉಜ್ವಲಾ ಅವನನ್ನು ಒಳಗೆ ಬಿಡಲಿಲ್ಲ. ಧರ್ಮರಾಜ ಬೀದಿಯಲ್ಲೇ ನಿಂತು, ವರದಿ ನೋಡಿದ ದಿನವೇ ತನಗೆ ಗೊತ್ತಾಗಿತ್ತು ಎಂದು ಬಂದವರಿಗೆಲ್ಲ ಹೇಳುತ್ತಿದ್ದ. ಯಾರೂ ಅವನ ಹತ್ತಿರ ನಿಲ್ಲಲಿಲ್ಲ.