ವಿಮಾನದಲ್ಲಿ ಸಂಜೆ ಎಷ್ಟು ಗಂಟೆಗೆ?

ನಾನು ವಿಮಾನ ಹತ್ತಿದವನಲ್ಲ. ಆದರೂ ಮೂಡುಬಿದಿರೆಯ ನನ್ನ ಜೆರಾಕ್ಸ್ ಅಂಗಡಿಗೆ ಯಾರಾದರೂ ಟಿಕೆಟಿನ ಪ್ರತಿ ತೆಗೆಸಲು ಬಂದರೆ, ಅವರು ಕೇಳದಿದ್ದರೂ ದೂರ, ಸಮಯ ಎಲ್ಲ ಹೇಳಿಯೇ ಕಳಿಸುವುದು. "ದೆಹಲಿಯಿಂದ ಸಿಡ್ನಿಗೆ ಹತ್ತು ಸಾವಿರದ ನಾನೂರು ಕಿಲೋಮೀಟರ್, ಹನ್ನೆರಡು ಗಂಟೆ!" ಆ ಗತ್ತು ನೋಡಿದರೆ ಪೈಲಟ್ ಕೂಡ ಎದ್ದು ನಿಲ್ಲಬೇಕು.

ಮೊಮ್ಮಗಳ ಬಾಣಂತನಕ್ಕೆ ಸಿಡ್ನಿಗೆ ಹೊರಟವರು ನನ್ನ ಸೋದರತ್ತೆ ಅನಂತಮತಿ. ಎಪ್ಪತ್ತು ವರ್ಷ.

"ಹನ್ನೆರಡು ಗಂಟೆ ಇರಲಿ ಶಾಂತಿರಾಜ. ಅಲ್ಲಿ ಮೇಲೆ ಸೂರ್ಯ ಮುಳುಗುವುದು ಎಷ್ಟಕ್ಕೆ? ಅದು ಹೇಳು ಮಾರಾಯ."

ಹೊತ್ತು ಮುಳುಗಿದ ಮೇಲೆ ಅತ್ತೆಗೆ ಊಟವಿಲ್ಲ, ಒಂದು ಗುಟುಕು ನೀರೂ ಇಲ್ಲ. ನಲವತ್ತು ವರ್ಷದಿಂದ ತಪ್ಪದ ವ್ರತ. "ಗೊತ್ತಿಲ್ಲ" ಅಂತ ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಆ ಮಾತು ನನ್ನ ಬಾಯಲ್ಲಿ ಬಂದದ್ದು ಉಂಟೇ?

"ಸಿಡ್ನಿ ನಮಗಿಂತ ಐದೂವರೆ ಗಂಟೆ ಮುಂದೆ ಅತ್ತೆ. ಹಾಗಾದ್ರೆ ಸೂರ್ಯನಿಗೂ ಅಷ್ಟು ಹೊತ್ತು ಹೆಚ್ಚಿಗೆ ಸಿಗ್ತದೆ. ನಿಮ್ಮ ವಾಚಿನಲ್ಲಿ ಎಂಟಾಗುವಾಗ ಧಾರಾಳ ತಿನ್ನಿ. ಬೇಗ ತಿಂದ್ರೆ ಬೆಳಗಾಗುವಾಗ ಹಸಿವಾಗ್ತದೆ."

ಒಳಗಿನಿಂದ ನನ್ನ ಹೆಂಡತಿ ಸಾಧನಾ ಕೂಗಿದಳು: "ಅತ್ತೆ, ಇವರು ಮೊನ್ನೆ ಬಂಟ್ವಾಳಕ್ಕೆ ಅಂತ ಬೆಳ್ತಂಗಡಿ ಬಸ್ಸು ಹತ್ತಿದವರು!"

ಅತ್ತೆ ನಕ್ಕರು. ಆದರೆ ನಂಬಿದ್ದು ನನ್ನನ್ನೇ.

ವಿಮಾನ ಹೊರಟ ಮರುದಿನ ಅವರು ತಲುಪಿದ ಮೇಲೆ ಫೋನು ಬಂತು. ಅಂಗಡಿಯಲ್ಲಿ ನಾಲ್ಕು ಜನ ಇದ್ದರು. ನನ್ನ ಹೊಗಳಿಕೆ ಎಲ್ಲರಿಗೂ ಕೇಳಲಿ ಅಂತ ಸ್ಪೀಕರ್ ಹಾಕಿದೆ.

"ನಿನ್ನ ಎಂಟು ಗಂಟೆಗೆ ಕಾದು ಕೂತಿದ್ದೆ ಮಗಾ. ಐದಾಗುವ ಮೊದಲೇ ಕಿಟಕಿ ಕಪ್ಪು! ಚಪಾತಿ ಕಟ್ಟು ಬಿಚ್ಚಲೇ ಇಲ್ಲ."

ಆಗ ನನಗೆ ಹೊಳೆಯಿತು. ವಿಮಾನ ಹೋದದ್ದು ಪೂರ್ವಕ್ಕೆ. ಕತ್ತಲು ಬರುವ ದಿಕ್ಕಿಗೇ. ಕಳೆಯಬೇಕಾದ್ದನ್ನು ನಾನು ಕೂಡಿಸಿದ್ದೆ.

"ಮತ್ತೆ... ನೀವು ತಿಂದದ್ದು ಯಾವಾಗ?"

"ಬೆಳಿಗ್ಗೆ ಹತ್ತಕ್ಕೆ ದೆಹಲಿಯಲ್ಲಿ. ಆಮೇಲೆ ಇಲ್ಲಿ ಇಳಿಯುವಾಗ ಸೂರ್ಯ ಬಂದ, ನೀರು ಕುಡಿದೆ. ವಿಮಾನದ ಹುಡುಗಿ ಪಾಪ ಮೂರು ಸಲ ಜ್ಯೂಸ್ ತಂದಳು. ಬೇಡ ಅಂತ ಹೇಳಿ ಹೇಳಿ ನನಗೇ ನಾಚಿಕೆ."

ಹದಿನಾಲ್ಕು ಗಂಟೆಗೂ ಮೇಲೆ. ಎಪ್ಪತ್ತರ ಜೀವ, ಬಾಯಿ ಒಣಗಿಸಿಕೊಂಡು, ಮಡಿಲಲ್ಲಿ ಚಪಾತಿ ಇಟ್ಟುಕೊಂಡು. ಸ್ಪೀಕರ್ ಆಫ್ ಮಾಡಲು ಗುಂಡಿ ಹುಡುಕಿದೆ, ಸಿಗಲಿಲ್ಲ.

"ತಪ್ಪಾಯ್ತು ಅತ್ತೆ."

"ಹೋಗಲಿ, ವ್ರತ ಉಳೀತಲ್ಲ."

ಇಷ್ಟಕ್ಕೇ ಸುಮ್ಮನಿದ್ದರೆ ನಾನು ಶಾಂತಿರಾಜನೇ ಅಲ್ಲ. "ವಾಪಸು ಬರುವಾಗ ಪಶ್ಚಿಮಕ್ಕೆ ಬರುವುದಲ್ವಾ ಅತ್ತೆ, ಆಗ ಕೂಡಿಸಬೇಕು. ಈಗಲೇ ಹೇಳ್ತೇನೆ..."

"ಬೇಡ ಮಗಾ! ನೀನು ಹೇಳುವುದೇ ಬೇಡ. ಸೂರ್ಯ ಮುಳುಗುವ ಕಡೆಯಲ್ಲಿ ಒಂದು ಕಿಟಕಿ ಸೀಟು ಮಾಡಿಸು, ಸಾಕು. ನಾನೇ ನೋಡ್ತೇನೆ."

"ಖಂಡಿತ," ಎಂದೆ.

ಈಗ ಸಿಡ್ನಿಯಿಂದ ಬರುವ ವಿಮಾನದ ಸೀಟುಗಳ ಚಿತ್ರ ಮುಂದಿಟ್ಟುಕೊಂಡು ಕೂತಿದ್ದೇನೆ. ಎಡವೋ, ಬಲವೋ? ಸಾಧನಾಳನ್ನು ಕೇಳುವ ಅಂತ ಉಂಟು. ಅವಳು ನಗುವುದನ್ನು ನಿಲ್ಲಿಸಲಿ ಮೊದಲು.