ಎತ್ತುವಷ್ಟರಲ್ಲಿ

ಲಿಫ್ಟಿನ ಗೋಡೆಯ ಕೆಂಪು ಗುಂಡಿಯನ್ನು ಸೊಸೆ ಮತ್ತೆ ಒತ್ತಿದಳು. ಕೆಳಗೆ ಕಾವಲುಗಾರನ ಕೋಣೆಯಲ್ಲಿ ಫೋನ್ ಹೊಡೆದುಕೊಳ್ಳುವುದು ಸ್ಪೀಕರಿನಲ್ಲಿ ಕೇಳಿಸಿತು. ಹೊಡೆದುಕೊಂಡು ಹೊಡೆದುಕೊಂಡು, ಪಟ್ಟನೆ ನಿಂತುಹೋಯಿತು.

"ಮತ್ತೆ ಕಟ್ಟಾಯ್ತಾ?" ಎಂದರು ಅತ್ತೆ. ಲಿಫ್ಟ್ ಮಹಡಿಗಳ ನಡುವೆ ನಿಂತಾಗಿನಿಂದ ಅವರು ನೆಲದ ಮೇಲೆ ಕಾಲು ಚಾಚಿ ಕೂತಿದ್ದರು. ಎದೆ ಗೊರಗೊರ ಎನ್ನತೊಡಗಿತ್ತು. ಉಬ್ಬಸದ ಪಂಪು ಮನೆಯಲ್ಲೇ ಉಳಿದಿತ್ತು. ಈ ತಗಡಿನ ಡಬ್ಬದೊಳಗೆ ಮೊಬೈಲಿಗೆ ಸಿಗ್ನಲ್ ಇರಲಿಲ್ಲ.

ಯಾಕೆ ಕಟ್ಟಾಗುತ್ತಿದೆ ಎಂದು ಸೊಸೆಗೆ ಆಗಲೇ ಹೊಳೆದಿತ್ತು. ಇಂಟರ್ನೆಟ್ ಕರೆಗಳನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ದಾಟಿಸುವ ಸರ್ವರ್ ನೋಡಿಕೊಳ್ಳುವುದು ಅವಳ ಕೆಲಸ. ಆ ಕಡೆ ರಿಂಗ್ ಆಗುತ್ತಿದೆ ಎಂಬ ಸುದ್ದಿ ಬಂದಾಗಲೆಲ್ಲ ಎತ್ತಲು ಕಾಯುವ ಹೊತ್ತನ್ನು ಎಣಿಸುವ ಸರ್ವರಿನ ಟೈಮರ್ ಮೊದಲಿನಿಂದ ಶುರುವಾಗಬೇಕು; ಹಾಗಿದ್ದರೆ ನಿಧಾನವಾಗಿ ಬರುವವರಿಗೂ ಕಾದಂತಾಗುತ್ತದೆ. "ಎತ್ತದ ಕರೆಗಳೇ ದಾರಿ ಕಟ್ಕೊಂಡು ಕೂತಿವೆಯಮ್ಮ" ಎಂದು ಮ್ಯಾನೇಜರ್ ತಲೆ ತಿಂದಿದ್ದಕ್ಕೆ ಅವಳು ಟೈಮರನ್ನು ಅರ್ಧ ನಿಮಿಷಕ್ಕೆ ಇಳಿಸಿದ್ದಳು, ಸುದ್ದಿ ಬಂದರೂ ಅದು ಹೊಸದಾಗಿ ಶುರುವಾಗದಂತೆ ಮಾಡಿದ್ದಳು. ಹೊತ್ತು ಮುಗಿದರೆ ಸರ್ವರೇ ಕರೆಯನ್ನು ರದ್ದು ಮಾಡುತ್ತದೆ. ತಮ್ಮ ಕಟ್ಟಡದ ಲಿಫ್ಟಿನ ಫೋನುಗಳೂ ಅದೇ ಸರ್ವರಿನಲ್ಲಿವೆ ಎಂಬುದು ಆಗ ಈ ಮಹಾತಾಯಿಗೆ ನೆನಪೇ ಆಗಿರಲಿಲ್ಲ. ಆಫೀಸಿನಲ್ಲಿ ಚಪ್ಪಾಳೆ ಬೇರೆ ತಟ್ಟಿದ್ದರು.

ಮಂಡಿನೋವಿನ ಕಾವಲುಗಾರ ಮೊನ್ನೆ ಹೇಳಿಯೂ ಇದ್ದ. "ಮೇಡಂ, ಗೇಟಿಂದ ಬಂದು ಎತ್ತೋಷ್ಟರಲ್ಲಿ ಫೋನ್ ನಿಂತುಬಿಡುತ್ತೆ."

"ಸ್ವಲ್ಪ ಬೇಗ ಹೆಜ್ಜೆ ಹಾಕಿ" ಎಂದು ನಕ್ಕು ಅವಳು ಇದೇ ಲಿಫ್ಟ್ ಹತ್ತಿದ್ದಳು. ಈಗಲೂ ಅವನು ಅರ್ಧ ದಾರಿ ಬಂದು, ಸದ್ದು ನಿಂತಿತೆಂದು ಗೊಣಗುತ್ತ ಗೇಟಿಗೆ ಹಿಂದಿರುಗುತ್ತಿರಬೇಕು. ಅವಳಿಗೆ ಅಳು ಬಂತು.

"ಇದನ್ನ ಹಿಂಗೆ ಮಾಡಿಟ್ಟವನ ಮನೆ ಹಾಳಾಗ!" ಅತ್ತೆ ಏದುಸಿರಿನ ನಡುವೆ ಶಪಿಸಿದರು. "ನೀನೂ ಫೋನಿನ ಆಫೀಸಿನವಳೇ ಅಲ್ವೇನೇ? ಯಾವನು ಅಂತ ಹುಡುಕಿ ಮುಖಕ್ಕೆ ಉಗಿ."

ನಾನೇ ಎನ್ನಲು ಬಾಯಿ ತೆರೆದವಳು ಅತ್ತೆಯ ಪಕ್ಕ ಬಗ್ಗಿದಳು. "ಉಗೀತೀನಿ ಅತ್ತೆ. ನೀವು ಮಾತಾಡ್ಬೇಡಿ, ನಿಧಾನಕ್ಕೆ ಉಸಿರಾಡಿ."

"ಒತ್ತು, ಒತ್ತು. ಈ ಸಲ ಎತ್ತುತ್ತಾನೆ."

ಅವಳು ಒಂದು ಕೈಯಿಂದ ಅತ್ತೆಯ ಬೆನ್ನು ಸವರುತ್ತ, ಇನ್ನೊಂದು ಕೈಯಿಂದ ಗುಂಡಿ ಒತ್ತಿದಳು. ರಿಂಗ್ ಶುರುವಾಯಿತು. ಕಣ್ಣು ಮುಚ್ಚಿ, ಮನಸ್ಸಿನಲ್ಲೇ ಗೇಟಿನಿಂದ ಕೋಣೆಯ ಕಡೆಗೆ, ಆ ನೋವಿನ ಕಾಲಿನ ಜೊತೆ ಒಂದೊಂದೇ ಹೆಜ್ಜೆ ನಡೆಯತೊಡಗಿದಳು.